ಅಣ್ಣನ ಹತ್ತು ಉಪವಾಸ

ನಮ್ಮ ಮನೆಯಲ್ಲಿ ಬಾವಿಯಿಂದ ಸೇದಿದ ನೀರನ್ನು ಬಟ್ಟೆಯಲ್ಲಿ ಸೋಸದೆ ಯಾರೂ ಬಾಯಿಗೆ ಹಾಕುತ್ತಿರಲಿಲ್ಲ. ಸೋಸಿದ ಬಟ್ಟೆಯನ್ನು ಮತ್ತೆ ಬಾವಿಯ ನೀರಿಗೇ ಜಾಲಿಸಬೇಕು, ಅದಕ್ಕೆ ಅಂಟಿದ ಸಣ್ಣ ಜೀವ ಯಾವುದಾದರೂ ಇದ್ದರೆ ತನ್ನ ಜಾಗಕ್ಕೆ ತಾನು ಸೇರಿಕೊಳ್ಳಲಿ ಎಂದು. ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು. ಮದ್ಯ, ಮಾಂಸ, ಜೇನುತುಪ್ಪ ಮೂರೂ ನಮಗೆ ಒಂದೇ ತೂಕದ ಪಾಪ. ಅಂಥ ಮನೆಯ ಹಿರಿಮಗ ಒಂದು ಮಧ್ಯಾಹ್ನ ಅನ್ನ ಸಾರು ಉಂಡು, ಕೈ ತೊಳೆದು, ಸ್ವಲ್ಪ ಹೊತ್ತಿನ ಮೇಲೆ ನಡುಮನೆಯ ಕಂಬ ಹಿಡಿದುಕೊಂಡು ತೂರಾಡಿದ. ಕಣ್ಣು ಕೆಂಪಾಗಿತ್ತು. ಏನೋ ಹೇಳಲು ಹೋದವನ ನಾಲಿಗೆ ತೊದಲಿತು. ಹತ್ತಿರ ಹೋದ ಅಮ್ಮ ಮೂಗಿಗೆ ಸೆರಗು ಹಿಡಿದು ಹಿಂದೆ ಸರಿದಳು.

ಅವನು ನನ್ನ ಅಣ್ಣ. ಇದನ್ನು ಅವನ ಕಾಯಿಲೆಯ ಕತೆ ಎಂದುಕೊಂಡು ಓದುವವರು ಓದಲಿ, ನಾನು ಬರೆಯುತ್ತಿರುವುದು ನಾನು ಮಾಡಿದ್ದನ್ನು. ಎಂಬತ್ತು ದಾಟಿದ ಮೇಲೆ ಒಳ್ಳೆಯವಳು ಎನ್ನಿಸಿಕೊಂಡು ಆಗಬೇಕಾದ್ದೇನೂ ಇಲ್ಲ.

ನಮ್ಮದು ಹೊಸನಗರದ ಪೇಟೆಬೀದಿಯ ಮನೆ. ಮುಂದೆ ಅಪ್ಪಯ್ಯನ ಜವಳಿ ಅಂಗಡಿ, ಹಿಂದೆ ನಾವು. ನಾಲ್ಕು ಮನೆ ಆಚೆಗೆ ಬಸದಿ. ಅಪ್ಪಯ್ಯ ಬಸದಿಯ ಮುಖ್ಯಸ್ಥರಲ್ಲಿ ಒಬ್ಬರು, ಇರುವೆ ಸಾಲು ಕಂಡರೆ ಸುತ್ತು ಬಳಸಿ ಹೋಗುವ ಮನುಷ್ಯ. ಅಣ್ಣ ಹದಿನೆಂಟು ತುಂಬಿದ ವರ್ಷ ಶಿವಮೊಗ್ಗಕ್ಕೆ ಜವಳಿ ತರಲು ಹೋದವನು ಬಟ್ಟೆಯ ಗಂಟುಗಳನ್ನೆಲ್ಲ ಬಸ್ಸಿಗೆ ಹಾಕಿ ಕಳಿಸಿ, ತಾನು ಮಿಲಿಟರಿಗೆ ಸೇರಿಕೊಂಡುಬಿಟ್ಟ. ಗಂಟಿನ ಜೊತೆ ಒಂದು ಚೀಟಿ ಬಂತು. ಅಪ್ಪಯ್ಯ ಅದನ್ನು ಓದಿ, ಮಡಿಸಿ, ಗಂಟುಗಳನ್ನು ಬಿಚ್ಚಲು ಕೂತರು. ಆಮೇಲೆ ಅವನಿಂದ ಬಂದ ಕಾಗದಗಳನ್ನೆಲ್ಲ ಅಮ್ಮನಿಗೆ ಓದಿ ಹೇಳಿದವಳೂ ಉತ್ತರ ಬರೆದವಳೂ ನಾನೇ. ಅವನಿಗೂ ನನಗೂ ಆರು ವರ್ಷ ಅಂತರ.

ಐವತ್ತರ ದಶಕದ ನಡುವಿನ ಒಂದು ಬೇಸಗೆಯಲ್ಲಿ ಅವನು ತಗಡಿನ ಟ್ರಂಕು ಹೊತ್ತು ವಾಪಸು ಬಂದ. ಹೋದಾಗ ಬಾಗಿಲ ತುಂಬ ನಿಲ್ಲುತ್ತಿದ್ದವನು. ಈಗ ತೋಳು ಕಡ್ಡಿ, ಹೊಟ್ಟೆ ಮಾತ್ರ ಉಬ್ಬರಿಸಿಕೊಂಡಿತ್ತು, ಬೆರಳ ಸಂದಿಯನ್ನೆಲ್ಲ ಕೆರೆದುಕೊಂಡು ಹುಣ್ಣು ಮಾಡಿಕೊಂಡಿದ್ದ. ನಾಲಿಗೆಯ ಮೇಲೆ ಹಾಲಿನ ಕೆನೆ ಕಟ್ಟಿದಂತೆ ಬಿಳಿ ಪದರ. ಸೇವೆಗೆ ಯೋಗ್ಯನಲ್ಲ ಎಂದು ಬರೆದ ಕಾಗದವೊಂದು ಅವನ ಹತ್ತಿರ ಇತ್ತು. ಏನು ಕಾಯಿಲೆ ಎಂದು ಅದರಲ್ಲಿ ಎಲ್ಲೂ ಇರಲಿಲ್ಲ.

ಅವನು ಹೇಳಿದ್ದು ಇಷ್ಟು. ಉತ್ತರದಲ್ಲಿ ಎಲ್ಲೋ ಗುಡ್ಡದ ರಸ್ತೆಯಲ್ಲಿ ಲಾರಿ ಮಗುಚಿ ಕಾಲಿನ ಮೂಳೆ ಮುರಿಯಿತು, ಗಾಯ ಕೀವಾಯಿತು. ಮಿಲಿಟರಿ ಆಸ್ಪತ್ರೆಯಲ್ಲಿ ಮೊದಲು ಪೆನ್ಸಿಲಿನ್ ಇಂಜೆಕ್ಷನ್ನು, ಆಮೇಲೆ ಹೊಸದಾಗಿ ಬಂದ ಹಳದಿ ಕ್ಯಾಪ್ಸೂಲು ದಿನಕ್ಕೆ ನಾಲ್ಕು. ಗಾಯ ಮಾಯುವ ಹೊತ್ತಿಗೆ ಭೇದಿ ಶುರುವಾಯಿತು, ಅದಕ್ಕೂ ಕ್ಯಾಪ್ಸೂಲು. ಕಿಟಕಿಯ ಹೊರಗಿದ್ದ ಮರ ಎಲೆ ಉದುರಿಸಿ ಮತ್ತೆ ಚಿಗುರುವ ತನಕ ಅವನು ಅದನ್ನು ನುಂಗಿದ್ದಾನೆ. ಕಾಲು ಉಳಿಯಿತು. ಅದಿಲ್ಲದಿದ್ದರೆ ಕಾಲು ಕತ್ತರಿಸುತ್ತಿದ್ದರಂತೆ, ಆದ್ದರಿಂದ ಆ ಗುಳಿಗೆಗಳನ್ನು ಅವನು ಯಾವತ್ತೂ ಬಯ್ಯಲಿಲ್ಲ. ಆದರೆ ಆ ವಾರ್ಡಿನಲ್ಲೇ ಉಂಡ ಮೇಲೆ ಅಮಲೇರುವ ರೋಗ ಶುರುವಾಯಿತು. ಅವನೊಬ್ಬನಿಗಲ್ಲ, ಪಕ್ಕದ ಮಂಚದ ಗಢವಾಲಿನ ಹುಡುಗನಿಗೂ ಹಾಗೇ ಆಗುತ್ತಿತ್ತು. ಇಬ್ಬರ ಹಾಸಿಗೆಯನ್ನೂ ಬಿಚ್ಚಿ ಬಾಟಲಿ ಹುಡುಕಿದರು. ಸಿಗಲಿಲ್ಲ. ಕಳ್ಳಾಟ ಆಡುತ್ತಿದ್ದಾರೆ ಎಂದು ಇಬ್ಬರನ್ನೂ ಮನೆಗೆ ಕಳಿಸಿದರು.

ಮಿಲಿಟರಿಯಲ್ಲಿ ನಡೆದದ್ದೇ ನಮ್ಮ ಮನೆಯಲ್ಲೂ ನಡೆಯಿತು. ಅಪ್ಪಯ್ಯ ಅವನು ಬಸದಿಗೆ ಹೋದ ಹೊತ್ತು ನೋಡಿ ಟ್ರಂಕು ತೆಗೆಸಿದರು. ಅಟ್ಟ ಹುಡುಕಿದ್ದಾಯಿತು, ಹಿತ್ತಿಲ ಸೌದೆ ರಾಶಿಯನ್ನು ಕೆಡವಿ ಮತ್ತೆ ಒಟ್ಟಿದ್ದಾಯಿತು. ಏನೂ ಸಿಗಲಿಲ್ಲ. ಸಿಕ್ಕಿದ್ದರೆ ಒಂದು ದಿನದ ರಂಪ ಆಗಿ ಮುಗಿಯುತ್ತಿತ್ತೋ ಏನೋ. ಸಿಗದೆ ಇದ್ದದ್ದರಿಂದ ಅವನು ಕುಡುಕ ಮಾತ್ರವಲ್ಲ, ಯಾರ ಕೈಗೂ ಸಿಗದ ಪಾಕಡಾ ಕುಡುಕ ಅನ್ನಿಸಿಕೊಂಡ. ಊರಿನ ಆಚೆ ಕಾಡಂಚಿನಲ್ಲಿ ಬಗನಿ ಮರದ ಕಳ್ಳು ಇಳಿಸುವವರಿದ್ದರು. ಅಣ್ಣನ ಬಾಯಿಯಿಂದ ಬರುತ್ತಿದ್ದ ಹುಳಿ ವಾಸನೆ ಅದೇ ಎಂದು ಅಂಗಡಿಗೆ ಬಂದ ಯಾರೋ ಅಂದರಂತೆ. ಅಪ್ಪಯ್ಯ ಅವರ ಎದುರಿಗೆ ಬಟ್ಟೆ ಅಳೆಯುತ್ತಲೇ ಇದ್ದರು, ಒಳಗೆ ಬಂದು ಮಾತ್ರ ಅಮ್ಮನಿಗೆ ಹೇಳಿದರು.

ಅಮ್ಮನ ಸಂಕಟ ಬೇರೆ. ಕುಡಿಯಲಿ ಬಿಡಲಿ, ಮಗ ಬಡಕಲಾಗಿದ್ದಾನೆ ಎನ್ನುವುದು ಅವಳಿಗೆ ಮುಖ್ಯ. ಬೆಳಿಗ್ಗೆ ದೋಸೆಯ ಮೇಲೆ ಜೋನಿಬೆಲ್ಲ ಸುರಿಯುವಳು, ಮಧ್ಯಾಹ್ನ ಬಿಸಿ ಅನ್ನ, ಸಂಜೆ ಹೊತ್ತು ಮುಳುಗುವುದಕ್ಕೆ ಮುಂಚೆ ಮತ್ತೆ ಅನ್ನ, ನಡುವೆ ಅಕ್ಕಿ ಬೆಲ್ಲದ ಹಾಲುಬಾಯಿ. ಅವನು ಬೇಡ ಅಂದರೆ ಅಳುವಳು. ಅವಳು ಹೆಚ್ಚು ಬಡಿಸಿದ ದಿನವೇ ಅವನು ಹೆಚ್ಚು ತೂರಾಡುತ್ತಿದ್ದ. ಬಡಿಸುವಾಗ ಪಕ್ಕದಲ್ಲಿ ಮಜ್ಜಿಗೆ ಹಿಡಿದು ನಿಂತಿರುತ್ತಿದ್ದ ನನಗೂ ಅದು ಹೊಳೆಯಲಿಲ್ಲ. ಅನ್ನದಿಂದ ಅಮಲು ಬರುತ್ತದೆ ಎಂದು ಯಾರಿಗೆ ಹೊಳೆಯಬೇಕು.

ಸಾಗರದಲ್ಲಿ ಆಗ ಹೆಸರುವಾಸಿಯಾದ ಒಬ್ಬರು ಡಾಕ್ಟರಿದ್ದರು. ಅಪ್ಪಯ್ಯ ಅಣ್ಣನನ್ನು ಬಸ್ಸಿನಲ್ಲಿ ಅಲ್ಲಿಗೆ ಕರೆದುಕೊಂಡು ಹೋದರು, ಜೊತೆಗೆ ನಾನೂ ಹೋಗಿದ್ದೆ. ಆ ಡಾಕ್ಟರನ್ನು ನಾನು ದೂರುವುದಿಲ್ಲ. ತಾಳ್ಮೆಯಿಂದ ನೋಡಿದರು, ನಾಲಿಗೆಗೆ ನೇರಳೆ ಬಣ್ಣದ ಔಷಧಿ ಹಚ್ಚಿದರು. ಹೊಟ್ಟೆಯಲ್ಲಿ ಹಳೆಯ ಭೇದಿಯ ಬೇರು ಉಳಿದುಕೊಂಡಿರಬೇಕು ಎಂದು ಹೇಳಿ, ಬೀಗ ಹಾಕಿದ ಕಪಾಟಿನಿಂದ ಅದೇ ಹಳದಿ ಕ್ಯಾಪ್ಸೂಲಿನ ಸೀಸೆ ತೆಗೆದುಕೊಟ್ಟರು. ಆಗ ಆ ಔಷಧಿ ಸಿಗುವುದೇ ದೊಡ್ಡ ಸಂಗತಿ. ಅಪ್ಪಯ್ಯ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಅಣ್ಣನನ್ನು ಹೊರಗೆ ಕಳಿಸಿದ ಮೇಲೆ ಡಾಕ್ಟರು ತಗ್ಗಿದ ದನಿಯಲ್ಲಿ, ಮೊದಲು ಆ ಚಟ ಬಿಡಿಸಿ, ಗುಳಿಗೆ ಆಮೇಲೆ ಕೆಲಸ ಮಾಡುತ್ತದೆ ಅಂದರು. ಹೊಸನಗರಕ್ಕೆ ಬರುವವರೆಗೂ ಅಪ್ಪಯ್ಯ ಮುಂದಿನ ಸೀಟಿನಲ್ಲಿ ಒಬ್ಬರೇ ಕೂತಿದ್ದರು.

ಆ ಸೀಸೆ ಮುಗಿಯುವ ಹೊತ್ತಿಗೆ ಅಣ್ಣನ ಸ್ಥಿತಿ ಇನ್ನೂ ಕೆಟ್ಟಿತು. ಮೊದಲು ವಾರಕ್ಕೆ ಮೂರು ನಾಲ್ಕು ಸಲ ಆಗುತ್ತಿದ್ದದ್ದು ದಿನಾ ಆಗತೊಡಗಿತು. ನೇರಳೆ ಬಾಯಿಯವನು ಬೀದಿಯಲ್ಲಿ ನಡೆದರೆ ಜನ ನಗುತ್ತಿದ್ದರು. ಅಪ್ಪಯ್ಯ ನನ್ನನ್ನು ಕರೆದು, ಇನ್ನು ಮೇಲೆ ಅವನ ಮೇಲೆ ಒಂದು ಕಣ್ಣಿಡುವುದು ನಿನ್ನ ಕೆಲಸ ಅಂದರು. ಅವನು ಎಲ್ಲಿಗೆ ಹೋದ, ಯಾರ ಜೊತೆ ಮಾತಾಡಿದ, ಏನು ಬಾಯಿಗೆ ಹಾಕಿಕೊಂಡ, ಎಲ್ಲ ನನಗೆ ಗೊತ್ತಿರಬೇಕು.

ನಾನು ಕಾವಲು ಕೂತೆ. ಮನೆಯ ಹಿಂಬಾಗಿಲ ಮೆಟ್ಟಿಲ ಮೇಲೆ ರವಿಕೆಗಳಿಗೆ ಗುಂಡಿ ಹಚ್ಚುತ್ತ ಕೂತರೆ ಹಿತ್ತಿಲೂ ಕಾಣುತ್ತಿತ್ತು, ನಡುಮನೆಯೂ ಕಾಣುತ್ತಿತ್ತು. ಎರಡು ತಿಂಗಳು ಅವನು ನನ್ನ ಕಣ್ಣು ತಪ್ಪಿಸಿ ಎಲ್ಲೂ ಹೋಗಲಿಲ್ಲ. ಸೋಸಿದ ನೀರು, ನಮ್ಮ ಅಡುಗೆಮನೆಯ ಅನ್ನ, ಅಮ್ಮನ ಬೆಲ್ಲ, ಇಷ್ಟು ಬಿಟ್ಟು ಅವನ ಬಾಯಿಗೆ ಏನೂ ಹೋಗಲಿಲ್ಲ. ಇದನ್ನು ಈಗ ಆಣೆ ಮಾಡಿ ಹೇಳುತ್ತೇನೆ. ಹೇಳಬೇಕಾಗಿದ್ದಾಗ ಹೇಳಲಿಲ್ಲ.

ಒಂದು ದಿನ ಅಮಲು ಇಳಿದ ಮೇಲೆ ಬಂದು ಅವನು ನನ್ನ ಕೆಳಗಿನ ಮೆಟ್ಟಿಲ ಮೇಲೆ ಕೂತ. "ನೀನು ಕಾವಲು ಕೂತಿದ್ದು ಒಳ್ಳೇದೇ ಆಯ್ತು ಮಾರಾಯ್ತಿ," ಅಂದ. "ನಾನು ಹೇಳಿದ್ರೆ ಯಾರೂ ನಂಬಲ್ಲ. ನೀನು ನೋಡಿದೀಯಲ್ಲ, ನೀನು ಹೇಳಿದ್ರೆ ನಂಬ್ತಾರೆ."

ನಾನು ತಲೆಯಾಡಿಸಿದೆ. ಅಪ್ಪಯ್ಯ ಕೇಳಿದಾಗ ಹೇಳುತ್ತೇನೆ ಎಂದೂ ಅಂದೆ. ಅಪ್ಪಯ್ಯ ಒಂದು ಸಲ ಕೇಳಿದ್ದಕ್ಕೆ, ಎಲ್ಲೂ ಹೋಗಲಿಲ್ಲ ಅಂದೆ. ಅವರು, ನಿನ್ನ ಕಣ್ಣಿಗೆ ಮಣ್ಣೆರಚಿ ಹೋಗುವುದು ಅವನಿಗೆ ದೊಡ್ಡದಲ್ಲ ಅಂದರು. ನಾನು ವಾದ ಮಾಡಲಿಲ್ಲ.

ಅದೇ ದಿನಗಳಲ್ಲಿ ನನಗೆ ತೀರ್ಥಹಳ್ಳಿ ಕಡೆಯ ಸಂಬಂಧವೊಂದು ಬಂದಿತ್ತು, ಮಂಡಗದ್ದೆಯ ಹತ್ತಿರದ ಮನೆತನ. ಆಗಲೇ ನನಗೆ ಹತ್ತೊಂಬತ್ತು. ಎರಡು ಸಂಬಂಧ ತಪ್ಪಿಹೋಗಿತ್ತು, ಓರಗೆಯವರೆಲ್ಲ ಬಾಣಂತನಕ್ಕೆ ತವರಿಗೆ ಬಂದು ಹೋಗುತ್ತಿದ್ದರು. ಹುಡುಗನನ್ನು ನೋಡಿದ್ದೆ. ಇಷ್ಟವಾಗಿದ್ದ, ತುಂಬಾ ಇಷ್ಟವಾಗಿದ್ದ. ಅವರ ಮನೆಯಲ್ಲಿ ಮಾತು ನಡೆಯುವುದು ಹುಡುಗನ ಸೋದರತ್ತೆಯದು. ಹಿಂದೆ ಅವರ ಮನೆಗೆ ತಂದ ಸೊಸೆಯೊಬ್ಬಳಿಗೆ ಬುದ್ಧಿಭ್ರಮಣೆಯಾಗಿ ಬಹಳ ಪಾಡು ಪಟ್ಟಿದ್ದರಂತೆ. ಆಕೆ ನನ್ನನ್ನು ಒಳಗೆ ಕರೆದು ಗಲ್ಲ ಹಿಡಿದು ಕೇಳಿದ್ದು ಒಂದೇ ಪ್ರಶ್ನೆ. "ನಿಮ್ಮ ಮನೇಲಿ ತಲೆ ಸರಿ ಇಲ್ದೋರು ಯಾರಾದ್ರೂ ಇದಾರಾ ಮಗಾ? ಬೇರೆ ಏನಿದ್ರೂ ನಡೀತದೆ. ಅದು ಮಾತ್ರ ರಕ್ತದಲ್ಲೇ ಬರ್ತದೆ." ಇಲ್ಲ ಅಂದೆ. ಆಕೆ ಹೋದ ಮೇಲೆ ಇದನ್ನು ಅಣ್ಣನಿಗೆ ಹೇಳಿ ನಕ್ಕೆ. ಅವನೂ ನಕ್ಕ, ಆಮೇಲೆ ಆಕೆಯ ಮಾತನ್ನು ಇನ್ನೊಮ್ಮೆ ಹೇಳಿಸಿಕೊಂಡ.

ಭಾದ್ರಪದ ಬಂತು. ದಶಲಕ್ಷಣ ಪರ್ವದ ಹತ್ತು ದಿನ ನಮ್ಮವರು ಒಬ್ಬೊಬ್ಬರು ಒಂದೊಂದು ವ್ರತ ಹಿಡಿಯುತ್ತಾರೆ. ಕೆಲವರಿಗೆ ಒಂದು ಹೊತ್ತಿನ ಊಟ, ಗಟ್ಟಿಗರಿಗೆ ಪೂರ್ತಿ ಉಪವಾಸ, ದಿನಕ್ಕೊಂದು ಸಲ ಕಾಯಿಸಿ ಆರಿಸಿದ ನೀರು ಮಾತ್ರ. ಈ ಸಲ ತಾನು ಹತ್ತು ದಿನದ ಉಪವಾಸ ಮಾಡುತ್ತೇನೆ ಎಂದು ಅಣ್ಣ ಹೇಳಿದಾಗ ಅಮ್ಮ ಹೌಹಾರಿದಳು. ಅಪ್ಪಯ್ಯ ಅವನ ಮುಖವನ್ನೇ ನೋಡಿ, ಹತ್ತೂ ದಿನ ಬಸದಿಯಲ್ಲೇ ಇರಬೇಕು, ಎಲ್ಲರ ಕಣ್ಣೆದುರಿಗೆ, ಹಾಗಿದ್ದರೆ ಮಾಡು ಅಂದರು. ಅವನು ಒಪ್ಪಿದ.

ಮೊದಲ ಎರಡು ದಿನ ತಲೆ ಎತ್ತದೆ ಮಲಗಿದ್ದ. ನಾಲ್ಕನೆಯ ದಿನ ಬೆಳಿಗ್ಗೆ ನಾನು ಕಾಯಿಸಿದ ನೀರು ತೆಗೆದುಕೊಂಡು ಹೋದಾಗ ಬಸದಿಯ ಜಗಲಿಯ ಮೇಲೆ ನೆಟ್ಟಗೆ ಕೂತಿದ್ದ. ಕಣ್ಣು ತಿಳಿಯಾಗಿತ್ತು. ಆರನೆಯ ದಿನಕ್ಕೆ ನಾಲಿಗೆ ತುದಿಯಿಂದ ಕೆಂಪಗಾಗುತ್ತ ಬಂತು. ಕೆರೆತ ನಿಂತಿತು. ಅವನು ದನಿಯೆತ್ತಿ ಪುರಾಣ ಓದಿದರೆ ಅಜ್ಜಿಯರೆಲ್ಲ ಹತ್ತಿರ ಸರಿದು ಕೂರುತ್ತಿದ್ದರು. ನನ್ನನ್ನು ಚಿಕ್ಕಂದಿನಲ್ಲಿ ರೇಗಿಸುತ್ತಿದ್ದ ಹಾಗೇ ಈಗಲೂ ರೇಗಿಸಿದ. ಮಂಡಗದ್ದೆಗೆ ವರ್ಷ ವರ್ಷ ಎಲ್ಲೆಲ್ಲಿಂದಲೋ ಹಕ್ಕಿ ಬರುತ್ತವೆ, ಈ ವರ್ಷ ಹೊಸನಗರದ್ದೊಂದು ಗೂಬೆ ಬರುತ್ತದೆ ಎಂದ. ಏಳು ವರ್ಷ ಕಳೆದುಹೋಗಿದ್ದ ಅಣ್ಣ ನನಗೆ ಆ ವಾರ ಸಿಕ್ಕಿದ. ಹೊಟ್ಟೆಗೆ ಏನೂ ಇಲ್ಲದೆ ಮನುಷ್ಯ ಗುಣವಾಗುವುದು ಹೇಗೆ ಎಂದು ಒಬ್ಬರಾದರೂ ನಿಂತು ಯೋಚಿಸಬೇಕಾಗಿತ್ತು. ನಾವು ಯೋಚಿಸಿದ್ದು ಬೇರೆ ಥರ. ಅಮ್ಮ ವ್ರತದ ಮಹಿಮೆ ಅಂದಳು. ಅಪ್ಪಯ್ಯ, ನೋಡಿದಿರಾ, ಹತ್ತು ದಿನ ಅದು ಸಿಗದಂತೆ ಮಾಡಿದ್ದಕ್ಕೆ ಹೇಗೆ ದಾರಿಗೆ ಬಂದ ಅಂದರು. ಅವನು ಗುಣವಾದದ್ದೇ ಅವನು ಕುಡಿಯುತ್ತಿದ್ದ ಎನ್ನುವುದಕ್ಕೆ ಸಾಕ್ಷಿಯಾಯಿತು.

ಹಾಗಂತ ಅಪ್ಪಯ್ಯ ಕಲ್ಲಲ್ಲ. ಮಗ ಹತ್ತು ಉಪವಾಸ ಪೂರೈಸಿದ್ದು ಅವರಿಗೆ ಎಂಥ ಹೆಮ್ಮೆ ಎಂದರೆ, ಪಾರಣೆಗೆ ತೀರ್ಥಹಳ್ಳಿಯ ಬೀಗರಾಗುವವರನ್ನೂ ಕರೆಸಿದರು. ಪೂಜೆಯ ನಂತರ ಮದುವೆಯ ಮಾತು ಮುಗಿಸಿ ತಾಂಬೂಲ ಬದಲಾಯಿಸುವುದೆಂದಾಯಿತು.

ಪಾರಣೆ ಎಂದರೆ ಉಪವಾಸ ಬಿಡಿಸುವುದು. ನಮ್ಮಲ್ಲಿ ಹತ್ತು ದಿನ ಉಪವಾಸ ಮಾಡಿದವರನ್ನು ಮಣೆಯ ಮೇಲೆ ಕೂರಿಸಿ, ಪ್ರತಿ ಮನೆಯ ಹೆಂಗಸೂ ಒಂದೊಂದು ಗುಟುಕು ಕುಡಿಸುತ್ತಾಳೆ. ಕುಡಿಸುವವಳಿಗೆ ಪುಣ್ಯ, ಆದ್ದರಿಂದ ಯಾರನ್ನೂ ಬೇಡ ಅನ್ನುವ ಹಾಗಿಲ್ಲ. ಅವತ್ತು ಸೂರ್ಯ ಏರುತ್ತಿದ್ದಂತೆ ಬಸದಿಯ ಜಗಲಿಗೆ ಬೆಲ್ಲದ ಪಾನಕ, ಸಕ್ಕರೆ ಹಾಕಿದ ಹಾಲು, ಅಕ್ಕಿಯ ಗಂಜಿ, ಪಾಯಸ ಸಾಲಾಗಿ ಬಂದವು. ಬಿಳಿ ಪಂಚೆ ಉಟ್ಟು ಕೂತಿದ್ದ ಅಣ್ಣ ಮೊದಮೊದಲು ನಗುತ್ತ ಬಾಯಿ ತೆರೆದ. ಕೊನೆಗೆ ನಾನು ನನ್ನ ಪಾನಕದ ಲೋಟ ಹಿಡಿದು ಹೋದೆ. ಅವನು ಮೆಲ್ಲಗೆ, "ಸಾಕು ಅನ್ನು ಮಾರಾಯ್ತಿ. ಹೆದರಿಕೆ ಆಗ್ತಿದೆ," ಅಂದ. ನಾನು, ಒಬ್ಬಳೇ ತಂಗಿಯ ಪಾನಕ ಬೇಡವಾ ಎಂದು ಲೋಟವನ್ನು ಅವನ ಬಾಯಿಗೆ ಹಿಡಿದೆ. ಅವನು ಪೂರ್ತಿ ಕುಡಿದ.

ಆಮೇಲೆ ಕೈಕಾಲು ತೊಳೆಯಲು ಅವನು ನಮ್ಮ ಮನೆಯ ಹಿತ್ತಿಲಿಗೆ ಬಂದ. ಬಾವಿಕಟ್ಟೆಯ ಹತ್ತಿರ ನಾನೇ ಎರಡು ಬಿಂದಿಗೆ ನೀರು ಸೇದಿ ಕಾಲಿಗೆ ಹೊಯ್ದೆ. ಅಷ್ಟೇ. ಅಲ್ಲಿಂದ ಇಬ್ಬರೂ ಜೊತೆಗೇ ಬಸದಿಗೆ ಹೋದೆವು. ಇದೊಂದನ್ನು ಓದುವವರು ನೆನಪಿಟ್ಟುಕೊಳ್ಳಬೇಕು.

ಪೂಜೆ ನಡೆದು ಮಂಗಳಾರತಿಯ ಹೊತ್ತಾಯಿತು. ಅಪ್ಪಯ್ಯ ಹೇಳಿದ್ದರಿಂದ ಬಸದಿಯ ಪುರೋಹಿತರು ಆರತಿಯ ತಟ್ಟೆಯನ್ನು ಅಣ್ಣನ ಕೈಗೆ ಕೊಟ್ಟರು. ನಾನು ಹೆಂಗಸರ ಸಾಲಿನಲ್ಲಿ ನಿಂತಿದ್ದೆ. ಅವನ ಕತ್ತಿನ ಹಿಂಭಾಗ ಕೆಂಪೇರಿದ್ದು ಕಂಡಿತು. ಒಂದು ಕಾಲು ಪಕ್ಕಕ್ಕೆ ಸರಿಯಿತು. ತಟ್ಟೆ ಕಲ್ಲಿನ ನೆಲದ ಮೇಲೆ ಬಿದ್ದು ಉರುಳಿ ಸೊಡರುಗಳು ಆರಿದವು. ಅಣ್ಣ ಗೋಡೆಗೆ ಒರಗಿ ಕುಸಿದು ಕೂತ, ಏನೋ ತೊದಲಿದ. ಎತ್ತಲು ಹೋದ ಪುರೋಹಿತರು ವಾಸನೆಗೆ ಮುಖ ತಿರುಗಿಸಿದರು.

ಹೊರಗಿನ ಜಗಲಿಗೆ ಅವನನ್ನು ತಂದು ಕೂರಿಸಿದರು. ಸುತ್ತ ಊರವರು, ಒಂದು ಬದಿಯಲ್ಲಿ ತೀರ್ಥಹಳ್ಳಿಯವರು. ಹುಡುಗನ ಸೋದರತ್ತೆ ಪಕ್ಕದವರ ಹತ್ತಿರ, ಇದು ಕುಡಿತವೋ ಅಥವಾ ತಲೆಯದ್ದೋ ಎಂದು ಕೇಳುತ್ತಿದ್ದುದು ನನಗೆ ಕೇಳಿಸಿತು. ಬೆಳಗಿನಿಂದ ನಮ್ಮ ಕಣ್ಣೆದುರಿಗೇ ಇದ್ದನಲ್ಲ, ಕುಡಿದದ್ದು ಯಾವಾಗ ಎಂದೂ ಆಕೆ ಅಂದಳು. ಅಪ್ಪಯ್ಯ ನನ್ನನ್ನು ಕರೆದರು.

"ಅವನ ಜೊತೆ ಇದ್ದೋಳು ನೀನು. ದೇವರೆದುರು ನಿಂತಿದೀಯ, ಇದ್ದದ್ದು ಹೇಳು. ಬೆಳಿಗ್ಗೆಯಿಂದ ಅವನು ಎಲ್ಲಿಗಾದ್ರೂ ಹೋಗಿದ್ನಾ?"

ಇಲ್ಲ ಅಂದರೆ ಏನಾಗುತ್ತದೆ ಎಂದು ಒಂದು ಕ್ಷಣದಲ್ಲಿ ನನಗೆ ಪೂರ್ತಿ ತಿಳಿದುಹೋಯಿತು. ಕುಡಿಯದೆ ಹೀಗಾಗುತ್ತದೆ ಎಂದರೆ ಅದು ಹುಚ್ಚು. ಕುಡಿತ ಒಬ್ಬನ ಚಟ, ಅದು ಅವನ ಜೊತೆಗೇ ಹೋಗುತ್ತದೆ. ಹುಚ್ಚಾದರೆ ಅದು ಮನೆಯದ್ದು, ನನ್ನ ರಕ್ತದ್ದೂ ಹೌದು. ತೀರ್ಥಹಳ್ಳಿಯವರು ಅವತ್ತೇ ಎದ್ದು ಹೋಗುತ್ತಾರೆ, ಆಮೇಲೆ ಇನ್ಯಾರೂ ಬರುವುದಿಲ್ಲ. ಇದನ್ನೆಲ್ಲ ಲೆಕ್ಕ ಹಾಕಿದ್ದು ಹೆದರಿದ ಮಗುವಲ್ಲ, ಹತ್ತೊಂಬತ್ತು ವರ್ಷದ ಹೆಂಗಸು.

"ಹಿತ್ಲಿಗೆ ಹೋಗಿದ್ದ," ಅಂದೆ. "ನಾನು ಒಳಗಿದ್ದೆ. ಅಲ್ಲಿ ಎಂತ ಮಾಡಿದ ಅಂತ ನೋಡ್ಲಿಲ್ಲ."

ಅಣ್ಣ ತಲೆಯೆತ್ತಿ ನನ್ನ ಕಡೆ ನೋಡಿದ. ಅಮಲಿನಲ್ಲಿದ್ದರೂ ಅವನಿಗೆ ಅರ್ಥವಾಗಿತ್ತು. ಸೋದರತ್ತೆಯ ಪ್ರಶ್ನೆಯನ್ನು ಅವನಿಗೆ ಹೇಳಿದವಳು ನಾನೇ ಅಲ್ಲವೇ. ಆಕೆಯ ಕಡೆಗೊಮ್ಮೆ ನೋಡಿ, ಗೋಡೆ ಹಿಡಿದು ಏಳಲು ಪ್ರಯತ್ನಪಟ್ಟು, ಆಗದೆ ಕೂತಲ್ಲಿಂದಲೇ ಅಪ್ಪಯ್ಯನಿಗೆ ಹೇಳಿದ.

"ಹೌದು. ಹಿತ್ಲಲ್ಲಿ ಇಟ್ಕೊಂಡಿದ್ದೆ. ಕುಡಿದೆ."

ಅವನ ಬದುಕಿನಲ್ಲಿ ಅವನು ಹೇಳಿದ ಸುಳ್ಳು ನನಗೆ ಗೊತ್ತಿರುವ ಮಟ್ಟಿಗೆ ಅದೊಂದೇ. ಸೋದರತ್ತೆ ನಿಟ್ಟುಸಿರು ಬಿಟ್ಟು, ಗಂಡಸರು ದಾರಿ ತಪ್ಪುವುದು ಎಲ್ಲ ಮನೆಯಲ್ಲೂ ಇದ್ದದ್ದೇ ಎಂದು ಅಮ್ಮನಿಗೆ ಸಮಾಧಾನ ಹೇಳಿದಳು. ಅವತ್ತು ತಾಂಬೂಲ ಬದಲಾಯಿಸಲಿಲ್ಲ, ಅದಕ್ಕೆ ಮುಂದಿನ ವಾರ ಇನ್ನೊಂದು ದಿನ ನೋಡಿದರು. ಅಪ್ಪಯ್ಯ ಮನೆಗೆ ಬಂದು ತಗಡಿನ ಟ್ರಂಕನ್ನು ತಾವೇ ಹೊತ್ತು ಅಂಗಡಿಯ ಮುಂದೆ ಇಟ್ಟು, ಹಲಗೆ ಬಾಗಿಲು ಹಾಕಿಕೊಂಡರು. ಅಣ್ಣ ಮಧ್ಯಾಹ್ನದ ತನಕ ಟ್ರಂಕಿನ ಮೇಲೆ ಕೂತಿದ್ದು, ಅಮಲು ಇಳಿದ ಮೇಲೆ ಸಾಗರದ ಬಸ್ಸು ಹತ್ತಿದ. ನಾನು ಬಾಗಿಲ ಸಂದಿಯಿಂದ ನೋಡಿದೆ. ಹೊರಗೆ ಹೋಗಿದ್ದರೆ ಅಪ್ಪಯ್ಯ ಕೊಲ್ಲುತ್ತಿರಲಿಲ್ಲ. ಆದರೂ ಹೋಗಲಿಲ್ಲ.

ನನ್ನ ಮದುವೆಯಾಯಿತು. ಒಳ್ಳೆಯ ಮನೆ, ಒಳ್ಳೆಯ ಗಂಡ. ಅದನ್ನು ಹೇಳದೆ ಇರುವುದು ತಪ್ಪಾಗುತ್ತದೆ. ಯಾವ ಸುಖಕ್ಕಾಗಿ ಸುಳ್ಳು ಹೇಳಿದ್ದೆನೋ ಆ ಸುಖ ನನಗೆ ಪೂರ್ತಿಯಾಗಿಯೇ ಸಿಕ್ಕಿತು. ಆದರೆ ಒಂದು ತುತ್ತು ಸಿಹಿ ಬಾಯಿಗೆ ಇಟ್ಟಾಗಲೆಲ್ಲ, ಸಾಕು ಅನ್ನು ಎಂದ ಅವನ ಆ ಮೆಲುದನಿ ನೆನಪಾಗುತ್ತಿತ್ತು.

ಎರಡು ವರ್ಷದ ಮೇಲೆ ಸಾಗರದ ನೆಂಟರ ಮನೆಗೆ ಹೋಗಿದ್ದಾಗ ಅಣ್ಣ ಲಿಂಗನಮಕ್ಕಿಯಲ್ಲಿದ್ದಾನೆ ಎಂದು ಗೊತ್ತಾಯಿತು. ಅಲ್ಲಿ ಆಗ ಅಣೆಕಟ್ಟಿನ ಕೆಲಸ ಶುರುವಾಗಿತ್ತು. ನನ್ನ ಗಂಡ ಕರೆದುಕೊಂಡು ಹೋದರು. ಎಲ್ಲಿ ನೋಡಿದರೂ ಅಗೆದ ಕೆಂಪು ಮಣ್ಣು, ತಗಡಿನ ಶೆಡ್ಡುಗಳು, ಲಾರಿಗಳ ಧೂಳು. ಸಾಮಾನಿನ ಶೆಡ್ಡಿನ ಮುಂದೆ ಅಣ್ಣ ಖಾಕಿ ಅಂಗಿ ತೊಟ್ಟು ವಾಚ್‌ಮನ್ ಕೆಲಸದಲ್ಲಿದ್ದ. ಇನ್ನೂ ತೆಳ್ಳಗಾಗಿದ್ದ, ಕಣ್ಣು ಮಾತ್ರ ತಿಳಿಯಾಗಿತ್ತು. ಅವತ್ತಿನ ವಿಷಯ ನಾನು ಎತ್ತಲಿಲ್ಲ, ಅವನೂ ಎತ್ತಲಿಲ್ಲ. ನನ್ನ ಗಂಡ ಆಚೆ ಹೋದಾಗ ಗುಟ್ಟು ಹೇಳುವವನಂತೆ ಹತ್ತಿರ ಬಂದ.

"ನಂಗೆ ಗೊತ್ತಾಯ್ತು ಕಣೆ. ಅನ್ನ, ಬೆಲ್ಲ ತಿಂದ್ರೆ ಆಗೋದು. ಸೊಪ್ಪು, ಮಜ್ಜಿಗೆ, ಕಾಯಿ ತಿಂದ್ಕೊಂಡು ಇದ್ರೆ ಏನೂ ಆಗಲ್ಲ. ಆ ಉಪವಾಸದಲ್ಲೇ ತಿಳೀಬೇಕಿತ್ತು. ಯಾಕೆ ಹಿಂಗೆ ಅಂತ ಗೊತ್ತಿಲ್ಲ, ಆದ್ರೆ ಹಿಂಗೇ." ಆಮೇಲೆ, "ಅಪ್ಪಯ್ಯಂಗೆ ಇಷ್ಟು ಹೇಳ್ತೀಯಾ?" ಅಂದ.

ಹೇಳುತ್ತೇನೆ ಅಂದೆ. ಹೇಳಬೇಕಾದರೆ ಹಿತ್ತಿಲಿನ ಮಾತಿನಿಂದ ಶುರು ಮಾಡಬೇಕಾಗಿತ್ತು. ಎರಡು ಸಲ ಹೊಸನಗರಕ್ಕೆ ಹೋದೆ, ಎರಡು ಸಲವೂ ಅಪ್ಪಯ್ಯನ ಎದುರಿಗೆ ಕೂತು ಬೇರೆ ಏನೇನೋ ಮಾತಾಡಿ ಎದ್ದು ಬಂದೆ. ಮೂರನೆಯ ಸಲ ಹೋಗುವುದರೊಳಗೆ ಅವನು ತೀರಿಕೊಂಡ.

ಜೊತೆಯಲ್ಲಿ ಕೆಲಸ ಮಾಡುತ್ತಿದ್ದವರು ಹೇಳಿದ್ದು ಇದು. ಅವನಿಗೆ ಚಳಿಜ್ವರ ಬಂತು, ಕಾಲಿನ ಹಳೆಯ ಗಾಯ ಮತ್ತೆ ಕೀವಾಗಿತ್ತು. ಯಾರೋ ಹಳದಿ ಕ್ಯಾಪ್ಸೂಲು ಕೊಟ್ಟರು. ಜ್ವರದವನು ಸೊಪ್ಪು ತಿಂದು ಬದುಕುವುದುಂಟೇ ಎಂದು ಶೆಡ್ಡಿನವರು ದಿನಾ ಮೂರು ಹೊತ್ತು ಗಂಜಿಗೆ ಬೆಲ್ಲ ಹಾಕಿ ಕುಡಿಸಿದರು. ಅವನು ಬೇಡ ಅಂದರೂ ಬಿಡಲಿಲ್ಲವಂತೆ, ಒಳ್ಳೆಯ ಜನ. ವಾರದ ಮೇಲೆ ಒಂದು ಮಧ್ಯಾಹ್ನ ಗಂಜಿ ಕುಡಿದು ಕೆಲಸಕ್ಕೆ ಎದ್ದು ಹೋದವನು ತೂರಾಡುತ್ತ ನಡೆದು, ಅಗೆದ ಗುಂಡಿಯ ಅಂಚಿನಿಂದ ಕಲ್ಲಿನ ಮೇಲೆ ಬಿದ್ದ. ಕುಡಿದು ಬಿದ್ದು ಸತ್ತ ಎಂದು ಊರಿಗೆ ಸುದ್ದಿ ಬಂತು. ಅಪ್ಪಯ್ಯ ಎದ್ದು ಹೋಗಿ ತಣ್ಣೀರು ಸ್ನಾನ ಮಾಡಿ ಅಂಗಡಿಯಲ್ಲಿ ಕೂತರು. ಕುಡುಕನ ತಂದೆಯಾಗಿಯೇ ಅವರು ಸತ್ತರು. ಆ ಹೆಸರನ್ನು ತೆಗೆಯಲು ನನ್ನೊಬ್ಬಳಿಂದ ಆಗುತ್ತಿತ್ತು.

ಕೆಲವು ವರ್ಷದ ಹಿಂದೆ ನನ್ನ ಸೊಂಟದ ಮೂಳೆಗೆ ಆಪರೇಶನ್ ಆಯಿತು. ಆಮೇಲೆ ಕೀವಾಗಿ ತಿಂಗಳುಗಟ್ಟಲೆ ಆಂಟಿಬಯೋಟಿಕ್ ನುಂಗಿದೆ. ಒಂದು ಬೆಳಿಗ್ಗೆ ಕನ್ನಡಿಯಲ್ಲಿ ನೋಡಿಕೊಂಡರೆ ನನ್ನ ನಾಲಿಗೆಯ ಮೇಲೆ ಆ ಬಿಳಿ ಪದರ. ಕೂಗಿಬಿಟ್ಟೆ. ನೋಡಲು ಬಂದ ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ, ನಮ್ಮ ಕಡೆಯವಳೇ. ಹೆದರಬೇಡಿ, ಆಂಟಿಬಯೋಟಿಕ್ ಜಾಸ್ತಿಯಾದರೆ ಒಳ್ಳೆಯ ಜೀವಾಣುಗಳೂ ಸತ್ತು ಯೀಸ್ಟ್ ಬೆಳೆಯುತ್ತದೆ, ಮಾತ್ರೆ ಕೊಡುತ್ತೇನೆ ಅಂದಳು. ಯೀಸ್ಟ್ ಎಂದರೇನು ಎಂದೆ. ಕಳ್ಳು ಹುದುಗಿ ಅಮಲು ಬರುವುದು ಅದರಿಂದಲೇ ಎಂದಳು. ನಾನು ಅವಳ ಕೈ ಹಿಡಿದುಕೊಂಡು ಅಣ್ಣನ ಕತೆ ಹೇಳಿದೆ. ನನ್ನ ಭಾಗವನ್ನು ಬಿಟ್ಟು ಉಳಿದದ್ದೆಲ್ಲ ಹೇಳಿದೆ.

ಅವಳು ಕುರ್ಚಿ ಎಳೆದುಕೊಂಡು ಕೂತಳು. ಅಪರೂಪಕ್ಕೆ ಹೀಗೂ ಆಗುತ್ತದಂತೆ. ಹೊಟ್ಟೆಯೊಳಗೇ ಯೀಸ್ಟ್ ಬೆಳೆದು, ತಿಂದ ಅನ್ನ ಸಕ್ಕರೆಯನ್ನೆಲ್ಲ ಅಲ್ಲೇ ಮದ್ಯ ಮಾಡುತ್ತದಂತೆ. ಯುದ್ಧಭೂಮಿಯಿಂದ ಬಂದ ಸೈನಿಕರಲ್ಲಿ ಕೆಲವರಿಗೆ ಏನೆಂದೇ ಗೊತ್ತಾಗದ ಕಾಯಿಲೆಗಳು ಬಂದಾಗ, ಇದೂ ಒಂದು ಕಾರಣ ಇರಬಹುದೇ ಎಂದು ಕೇಳಿದವರಿದ್ದಾರೆ, ಆದರೆ ಅದು ಸಾಬೀತಾದ ಮಾತಲ್ಲ. ನಿಮ್ಮ ಅಣ್ಣನಿಗೆ ಇದೇ ಆಗಿತ್ತು ಎಂದು ಇಷ್ಟು ವರ್ಷದ ಮೇಲೆ ಖಚಿತವಾಗಿ ಹೇಳಲು ತನ್ನಿಂದ ಆಗುವುದಿಲ್ಲ ಎಂದಳು. ಅಷ್ಟು ಪ್ರಾಮಾಣಿಕವಾಗಿ ಮಾತಾಡುವವರನ್ನು ಕಂಡರೆ ನನಗೆ ಹೊಟ್ಟೆಯುರಿಯುತ್ತದೆ.

"ಪಾಪ," ಅಂದಳು. "ಇಂಥ ಪೇಶೆಂಟು ಹೇಳಿದ್ದನ್ನ ಯಾರೂ ನಂಬಲ್ಲ ಅಜ್ಜಿ. ಈಗ್ಲೂ ಅಷ್ಟೇ. ಅವ್ರು ಏನೂ ಕುಡಿದಿಲ್ಲ, ನಾನು ಕಣ್ಣಾರೆ ನೋಡಿದೀನಿ ಅಂತ ಪಕ್ಕದಲ್ಲಿದ್ದವರು ಒಬ್ರು ಗಟ್ಟಿಯಾಗಿ ಹೇಳಿದ್ರೆ, ಆಗ ಡಾಕ್ಟರಿಗೂ ಬೇರೆ ಯೋಚನೆ ಬರುತ್ತೆ. ಅಂಥವ್ರು ಒಬ್ರೂ ಇರ್ಲಿಲ್ವಾ ಅವ್ರ ಜೊತೆ?"

ಅವಳು ನಿಜವಾಗಿಯೂ ಉತ್ತರಕ್ಕಾಗಿ ಕಾಯುತ್ತಿದ್ದಳು. ನನ್ನ ಕೈ ಇನ್ನೂ ಅವಳ ಕೈಯಲ್ಲಿತ್ತು. ಅಪ್ಪಯ್ಯ ಇಲ್ಲ, ಅಮ್ಮ ಇಲ್ಲ, ಸೋದರತ್ತೆ ಇಲ್ಲ, ನನ್ನ ಗಂಡನೂ ಇಲ್ಲ. ಹೇಳಿದರೆ ನನ್ನಿಂದ ಕಿತ್ತುಕೊಳ್ಳುವಂಥದ್ದು ಯಾರ ಬಳಿಯೂ ಏನೂ ಉಳಿದಿರಲಿಲ್ಲ.

"ಇಲ್ಲ," ಅಂದೆ. "ಯಾರೂ ಇರ್ಲಿಲ್ಲ."